ಜೆಸಿಬಿಯ ಕರಿ ಉಂಗುರ

ಚನ್ನಪಟ್ಟಣದ ಗೊಂಬೆ ಮಾಡುವವರಿಗೆ ತಿಕ್ಕಾಟವೇ ಬಂಡವಾಳ. ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ, ಆ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಅಲ್ಲಿಂದ ಕನಕಪುರದ ಕಡೆ ಹೋಗಿ ಕಲ್ಲುಕ್ವಾರಿಯ ಜೆಸಿಬಿ ಮುಂದೆ ನಿಂತರೆ, ಅದೇ ತಿಕ್ಕಾಟ ಶತ್ರು.

ಜೆಸಿಬಿಯ ತೋಳು ಎತ್ತುವುದು ಎಣ್ಣೆ. ಆ ಎಣ್ಣೆಯನ್ನು 200 ಬಾರ್ ದಾಟಿದ ಒತ್ತಡದಲ್ಲೂ ಸಿಲಿಂಡರಿನೊಳಗೇ ಹಿಡಿದಿಡುವುದು ಬಳೆಯಂಥ ಒಂದು ಸೀಲು. ಸಿಲಿಂಡರಿನ ಒಳಹೊರಗೆ ಓಡಾಡುವ ರಾಡನ್ನು ಅದು ಬಿಗಿಯಾಗಿ ಅಪ್ಪಿದರೆ ಸವೆಯುತ್ತದೆ, ಸಡಿಲವಾದರೆ ಸೋರುತ್ತದೆ. ರಾಡಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಪೊರೆ ಉಳಿಯಬೇಕು, ಜಾಣತನವೆಲ್ಲ ಅಲ್ಲೇ. ರಾಡಿಗೆ ಕ್ರೋಮ್ ಲೇಪ ಕೊಡುತ್ತಾರೆ. ಆದರೆ ತೀರಾ ಕನ್ನಡಿಯಂತೆ ನುಣುಪಾದರೂ ಪೊರೆ ನಿಲ್ಲುವುದಿಲ್ಲ! ಮಾಮೂಲಿ ನೈಟ್ರೈಲ್ ರಬ್ಬರಿನ ಸೀಲು ಬೇಗ ಸವೆಯುವ ಕಡೆ ಪಾಲಿಯುರೆಥೇನ್, ಇನ್ನೂ ಜಾರಬೇಕಾದರೆ ರಬ್ಬರಿನ ಮೇಲೊಂದು ಟೆಫ್ಲಾನ್ ಉಂಗುರ.

ನನಗೆ ಮಾತ್ರ ಹೆಚ್ಚು ಅಕ್ಕರೆ ಹೊರಬಾಯಿಯ ವೈಪರ್ ಸೀಲಿನ ಮೇಲೆ. ನಮ್ಮ ಗ್ರಾನೈಟ್ ಧೂಳಿನಲ್ಲಿ ಗಾಜಿಗಿಂತ ಗಟ್ಟಿಯಾದ ಸ್ಫಟಿಕಶಿಲೆಯ ಕಣಗಳಿವೆ. ರಾಡು ಒಳಹೋಗುವಾಗಲೆಲ್ಲ ಅವನ್ನು ಒರೆಸಿ ಹೊರಗೇ ನಿಲ್ಲಿಸುವುದು ಇದೇ. ಇದರ ತುಟಿ ಹರಿದರೆ ಒಳಗಿನ ದುಬಾರಿ ಸೀಲಿಗೂ ಉಳಿಗಾಲವಿಲ್ಲ. ಸೀಲ್ ಕಿಟ್ ಬದಲಿಸುವಾಗ ರಾಡಿನ ಮೇಲೆ ಒಮ್ಮೆ ಉಗುರು ಆಡಿಸಿ ನೋಡಿ. ಗೀರು ತಗುಲಿದರೆ, ಮೊದಲು ರಾಡು ರಿಪೇರಿಯಾಗಲಿ.