ಒಂದು ಪಟ್ಟಿಯ ಔಚಿತ್ಯ

ವಿಮರ್ಶೆಯೆಂದರೆ ಕಾವ್ಯನಾಟಕಗಳ ಗುಣದೋಷವಿಚಾರವೆಂಬುದೇ ನಮ್ಮಲ್ಲಿ ರೂಢಿ. ಕಛೇರಿಯ ಪಟ್ಟಿಯೊಂದನ್ನು ಕೈಗೆತ್ತಿಕೊಂಡರೆ ವಾಚಕರು ನಕ್ಕಾರು. ಆದರೂ 1912ರಲ್ಲಿ ಕೆನಡಾದೇಶದ ಹ್ಯಾಲಿಫಾಕ್ಸ್ ನಗರದವರು ಸಿದ್ಧಪಡಿಸಿದ ಪಟ್ಟಿಯು ಸಹೃದಯರ ಪರಿಶೀಲನೆಗೆ ಅರ್ಹವಾದುದು.

ಆ ವರ್ಷ ಏಪ್ರಿಲ್ 15ರಂದು ಟೈಟಾನಿಕ್ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ಶವಗಳನ್ನರಸಿ ಹೋದ ಮೆಕೇ-ಬೆನೆಟ್ ಎಂಬ ಹಡಗಿಗೆ 306 ದೇಹಗಳು ದೊರೆತುವು. ಹ್ಯಾಲಿಫಾಕ್ಸಿನ ಅಧಿಕಾರಿ ಜಾನ್ ಬಾರ್ನ್‌ಸ್ಟೆಡ್ ಎಂಬವರು ಏರ್ಪಡಿಸಿದ ಕ್ರಮ ಹೀಗಿದ್ದಿತು: ಪ್ರತಿಯೊಂದು ದೇಹಕ್ಕೂ ಒಂದು ಸಂಖ್ಯೆ, ಅದರೊಡನೆ ದೊರೆತ ಸೊತ್ತಿಗೆ ಅದೇ ಸಂಖ್ಯೆಯ ಕ್ಯಾನ್ವಾಸ್ ಚೀಲ, ಪುಸ್ತಕದಲ್ಲಿ ಕೂದಲಿನ ಬಣ್ಣ, ವಯಸ್ಸಿನ ಅಂದಾಜು, ಉಡುಪು, ಒಡವೆಗಳ ವಿವರ. ಹೆಸರು ತಿಳಿಯದವರಿಗೆ ಅವರ ಸೊತ್ತೇ ಸಾಕ್ಷಿ.

ಈ ಬರಹದಲ್ಲಿ ಅಲಂಕಾರವಿಲ್ಲ, ಶೋಕದ ಉದ್ಗಾರವಿಲ್ಲ. ಕೋಟ್ಯಧೀಶ ಜಾನ್ ಜೇಕಬ್ ಆಸ್ಟರನು 124ನೆಯವನು. ಅಂಗಿಯ ಕೊರಳಪಟ್ಟಿಯ ಮೇಲಿನ ಹೆಸರಿನ ಮೊದಲಕ್ಷರಗಳು, ಗಡಿಯಾರ, ಹಣ, ಎಲ್ಲವೂ ಬರೆದಿವೆ. 4ನೆಯದು ಸುಮಾರು ಎರಡು ವರ್ಷದ ಗಂಡುಮಗು; ತುಪ್ಪಳದ ಅಂಚಿನ ಬೂದುಬಣ್ಣದ ಕೋಟು, ಕಂದುಬಣ್ಣದ ಪಾದರಕ್ಷೆ. ಇಬ್ಬರಿಗೂ ಒಂದೇ ವಾಕ್ಯಸರಣಿ. ಕರುಣರಸವು ಇಲ್ಲಿ ಹೇಳಿಸಿಕೊಳ್ಳದೆಯೇ ಹುಟ್ಟುತ್ತದೆ. ಕ್ಷೇಮೇಂದ್ರನು ಔಚಿತ್ಯವೆಂದುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ದುರ್ಲಭ.

ದೋಷವೂ ಇಲ್ಲದಿಲ್ಲ. ಆ ಮಗುವಿನ ವಿವರದ ಕೊನೆಗೆ, ಬಹುಶಃ ಮೂರನೆಯ ದರ್ಜೆಯ ಪ್ರಯಾಣಿಕನೆಂಬ ಊಹೆಯನ್ನು ಸೇರಿಸಿರುವರು. ಈ ಊಹೆ ಬರಿಯ ಮಾತಾಗಿರಲಿಲ್ಲ. ಹಡಗಿನಲ್ಲಿ ಶವರಕ್ಷಣೆಯ ಸಾಮಗ್ರಿ ಸಾಲದೆ 116 ದೇಹಗಳನ್ನು ಮರಳಿ ಕಡಲಿಗೆ ಬಿಟ್ಟಾಗ, ಪಾಲಿಗೆ ಬಂದವರು ಹೆಚ್ಚಾಗಿ ಮೂರನೆಯ ದರ್ಜೆಯವರು ಮತ್ತು ನಾವಿಕರು. ಧನಿಕರ ಆಸ್ತಿ, ವಿಮೆಗಳ ವ್ಯಾಜ್ಯವನ್ನು ನಾಯಕನು ಕಾರಣವಾಗಿ ಹೇಳಿದನು. ಗುರುತಿಗೆಂದು ನೋಡಿದ ಉಡುಪೇ ಅಂತಸ್ತಿನ ಅಳತೆಗೋಲೂ ಆಯಿತು. ಬಡವನ ಚೀಲ ದಡಕ್ಕೆ ಬಂದಿತು, ದೇಹ ಬರಲಿಲ್ಲ. ಚೀಲದ ಸಮತೆ ಕ್ರಿಯೆಯಲ್ಲಿ ಉಳಿಯಲಿಲ್ಲವೆಂಬುದನ್ನು ಮರೆತು ಪಟ್ಟಿಯನ್ನು ಹೊಗಳಲಾಗದು.

ಮೃತರ ಬಟ್ಟೆಗಳು ಸ್ಮಾರಕವಸ್ತುಗಳಾಗಿ ಮಾರಾಟವಾಗದಂತೆ ಅವನ್ನು ಸುಟ್ಟರು. 4ನೆಯ ಮಗುವಿನ ಪಾದರಕ್ಷೆಗಳನ್ನು ಮಾತ್ರ ಕ್ಲಾರೆನ್ಸ್ ನಾರ್ಥೋವರ್ ಎಂಬ ಪೊಲೀಸ್ ಸಾರ್ಜಂಟನು ಸುಡಲಾರದೆ ತನ್ನ ಮೇಜಿನ ಖಾನೆಯಲ್ಲಿರಿಸಿದನು. 2002ರಲ್ಲಿ ಅವು ಹ್ಯಾಲಿಫಾಕ್ಸಿನ ವಸ್ತುಸಂಗ್ರಹಾಲಯವನ್ನು ಸೇರಿದುವು. ಅದೇ ವರ್ಷ ಡಿಎನ್‌ಎ ಪರೀಕ್ಷೆಯು ಆ ಮಗುವನ್ನು 13 ತಿಂಗಳ ಬೇರೊಂದು ಶಿಶುವೆಂದು ಸಾರಿದ್ದಿತು. ಆ ವಯಸ್ಸಿಗೆ ಪಾದರಕ್ಷೆಗಳು ದೊಡ್ಡವಾದುದರಿಂದ ಸಂಶಯ ಹುಟ್ಟಿತು. ಮರುಪರೀಕ್ಷೆಯಾಗಿ 2007ರಲ್ಲಿ ಅದು 19 ತಿಂಗಳ ಸಿಡ್ನಿ ಗುಡ್‌ವಿನ್ ಎಂದು ತಿಳಿಯಿತು.

ಪಟ್ಟಿಯಲ್ಲಿ ಆ ಪಾದರಕ್ಷೆಗಳಿಗೆ ಸಂದುದು ಎರಡೇ ಪದ. ಆದರೆ ಅವನ್ನು ಬಿಡದೆ ಬರೆದ ಲೇಖಕನೂ, ಸುಡದೆ ಉಳಿಸಿದ ಸಾರ್ಜಂಟನೂ ಸೇರಿ ಮಗುವೊಂದಕ್ಕೆ ತೊಂಬತ್ತೈದು ವರ್ಷಗಳ ಮೇಲೆ ಹೆಸರನ್ನು ಮರಳಿಸಿದರು. ಅಲ್ಪವಿವರವನ್ನು ಉಪೇಕ್ಷಿಸುವ ನಮ್ಮ ಗದ್ಯಲೇಖಕರು ಇದನ್ನು ಮನನ ಮಾಡುವುದು ಲೇಸು.