ಗಾಜಿನ ಮೈಯ ಮರದ ಬಟ್ಟಲು

ಎಡ್ ಮೌಲ್ತ್ರಪ್ ಕಡೆದ ಬಟ್ಟಲುಗಳ ಬಗ್ಗೆ ಮಾತಾಡುವವರು ಮೊದಲು ಅಳತೆ ಹೇಳುತ್ತಾರೆ. ಎರಡಡಿ, ಮೂರಡಿ ಅಗಲ. ಲೇಥಿಗೆ ಏರಿಸುವಾಗ ನೂರಾರು ಕಿಲೋ ತೂಗುವ ದಿಮ್ಮಿ. ಅಮೆರಿಕದ ಅಟ್ಲಾಂಟಾದಲ್ಲಿ ವಾಸ್ತುಶಿಲ್ಪಿಯಾಗಿದ್ದು, ಜಾರ್ಜಿಯಾ ಟೆಕ್‌ನಲ್ಲಿ ಪಾಠ ಹೇಳಿ, ನಡುವಯಸ್ಸು ದಾಟಿದ ಮೇಲೆ ಪೂರ್ತಿಯಾಗಿ ಮರ ಕಡೆಯುವುದಕ್ಕೆ ಇಳಿದ ಅವರ (1916–2003) ಕೆಲಸ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯಗಳಲ್ಲಿದೆ. ಲೇಥಿನ ಕೆಲಸವೆಂದರೆ ಮಂಚದ ಕಾಲು, ತೊಟ್ಟಿಲ ಗೂಟ, ಲಟ್ಟಣಿಗೆ ಎಂದುಕೊಂಡು, ದೊಡ್ಡ ಮರಿಗೆಯನ್ನು ಬಾಚಿಯಲ್ಲಿ ಕೆತ್ತುವುದನ್ನೇ ಕಂಡವರಿಗೆ ಈ ಗಾತ್ರ ಬೆರಗು ಹುಟ್ಟಿಸುವುದು ಸಹಜ. ಆ ಬೆರಗನ್ನು ಬದಿಗಿಟ್ಟು ನೋಡಿದರೆ ಏನು ಉಳಿಯುತ್ತದೆ?

ಕಷ್ಟವಂತೂ ನಿಜ. 24 ಅಂಗುಲ ಅಗಲದ ದಿಮ್ಮಿ ನಿಮಿಷಕ್ಕೆ 500 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 57 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ನಟ್ಟನಡುವಿನ ಚುಕ್ಕೆ ಮಾತ್ರ ನಿಂತಲ್ಲೇ ನಿಂತಿರುತ್ತದೆ. ತೂಕ ಇನ್ನೂ ಸಮವಾಗದ ಒರಟು ದಿಮ್ಮಿಯನ್ನು ಬಲ್ಲವರು ಅಷ್ಟು ವೇಗದಲ್ಲಿ ಬಿಡುವುದೇ ಇಲ್ಲ. ದಿಮ್ಮಿಯನ್ನು ಸೀಳಿ ಅಡ್ಡಲಾಗಿ ಕೂರಿಸಿದ್ದರೆ ಒಂದೊಂದು ಸುತ್ತಿನಲ್ಲೂ ಎರಡು ಸಲ ನಾರಿನ ಮಗ್ಗುಲು, ಎರಡು ಸಲ ನಾರಿನ ತುದಿ ಉಳಿಗೆ ಎದುರಾಗುತ್ತದೆ. ಮಗ್ಗುಲು ಸಲೀಸಾಗಿ ಸುರುಳಿ ಬಿಡುತ್ತದೆ. ತುದಿ ಹರಿದುಕೊಂಡು ಹಟ ಮಾಡುತ್ತದೆ. ಹಸಿ ಮರವಾದರೆ ನೀರು ಮುಖಕ್ಕೇ ಸಿಡಿಯುತ್ತದೆ. ಒಳಗೆ ಅಂಚಿನಿಂದ ನಡುವಿಗೆ ಸರಿದಂತೆ ವೇಗ ಇಳಿದು, ಉಳಿ ಕೊಯ್ಯುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ತಳದಲ್ಲಿ ಒಂದು ಸಣ್ಣ ಗುಬುಟು ಉಳಿದಿದ್ದರೆ ಕಡೆದವರು ಇನ್ನೂ ಕಲಿಯುತ್ತಿದ್ದಾರೆಂದು ತಿಳಿಯಬಹುದು.

ಗಾತ್ರ ಬೇರೊಂದು ಪರೀಕ್ಷೆಯನ್ನೂ ಒಡ್ಡುತ್ತದೆ. ಆರಂಗುಲದ ಬಟ್ಟಲಿನ ಬಾಗು ಎಲ್ಲೋ ಕೊಂಚ ಚಪ್ಪಟೆಯಾದರೆ ಯಾರ ಕಣ್ಣಿಗೂ ಬೀಳದು. ಎರಡಡಿಯದರಲ್ಲಿ ಅದು ಕೋಣೆಯ ಆಚೆ ತುದಿಗೇ ಕಾಣುತ್ತದೆ. ಮೌಲ್ತ್ರಪ್ ಗೆಲ್ಲುವುದು ಇಲ್ಲಿ. ಕಿರಿದಾದ ತಳದಿಂದ ಎದ್ದು, ಹೊಟ್ಟೆಯಲ್ಲಿ ತುಂಬಿಕೊಂಡು, ಬಾಯಿಯತ್ತ ಒಳಕ್ಕೆ ಮಡಚಿಕೊಳ್ಳುವ ರೇಖೆ ಎಲ್ಲೂ ಮುಗ್ಗರಿಸುವುದಿಲ್ಲ. ಕಿರುಬಾಯಿಯೊಳಗಿಂದ ಅಷ್ಟು ದೂರ ಕೈಚಾಚುವ ಉಳಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲವಾಗಿ, ಈಟಿಯುದ್ದದ ಕೊಕ್ಕೆ ಉಳಿಗಳನ್ನು ಅವರೇ ಕಾಯಿಸಿ ಬಡಿದುಕೊಂಡರು. ಲೇಥನ್ನೂ ತಾವೇ ಕಟ್ಟಿಕೊಂಡರು.

ಇನ್ನು ಬಿರುಕಿನ ವಿಷಯ. ಒಣಗುವ ಮರ ವರ್ಷದ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯತ್ತ ಕುಗ್ಗುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ದುಂಡಗೆ ಕಡೆದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಗೋಡೆ ದಪ್ಪವಿದ್ದರೆ ಸೀಳುತ್ತದೆ. ಸಾಮಾನ್ಯವಾಗಿ ಕಡೆಯುವವರು ಅಗಲದ ಹತ್ತರಲ್ಲೊಂದರಷ್ಟು ದಪ್ಪ ಬಿಟ್ಟು, ತಿಂಗಳುಗಟ್ಟಲೆ ಒಣಗಿಸಿ, ಸೊಟ್ಟಗಾದದ್ದನ್ನು ಮತ್ತೆ ಲೇಥಿಗೆ ಏರಿಸಿ ದುಂಡು ಮಾಡುತ್ತಾರೆ. ಮೌಲ್ತ್ರಪ್ ಬೇರೆ ದಾರಿ ಹಿಡಿದರು. ಒರಟಾಗಿ ಕಡೆದ ಹಸಿ ಬಟ್ಟಲನ್ನು ಪಾಲಿಇಥಿಲಿನ್ ಗ್ಲೈಕಾಲ್ ತುಂಬಿದ ತೊಟ್ಟಿಯಲ್ಲಿ ಮುಳುಗಿಸಿಟ್ಟರು. ಅದು ಮರದ ಜೀವಕೋಶಗಳ ಗೋಡೆಯೊಳಗೆ ನೀರು ಇದ್ದ ಜಾಗದಲ್ಲಿ ಕೂತುಬಿಡುತ್ತದೆ. ಮರಕ್ಕೆ ಕುಗ್ಗಲು ಎಡೆಯೇ ಉಳಿಯುವುದಿಲ್ಲ. 1961ರಲ್ಲಿ ಸ್ಟಾಕ್‌ಹೋಮ್ ಬಂದರಿನ ನೀರಿನಿಂದ ಎತ್ತಿದ ವಾಸಾ ಹಡಗನ್ನು ಒಡೆಯದಂತೆ ಉಳಿಸಿಕೊಂಡದ್ದೂ ಈ ರಾಸಾಯನಿಕದಿಂದಲೇ.

ಇದು ಮರಕ್ಕೆ ಮಾಡಿದ ಮೋಸ ಎನ್ನುವ ಮಡಿವಂತರಿದ್ದಾರೆ. ನಾನು ಆ ಪಂಗಡದವನಲ್ಲ. ಒಡೆದುಹೋಗುವ ದಿಮ್ಮಿಯನ್ನು ಉಳಿಸಿಕೊಂಡದ್ದರಲ್ಲಿ ತಪ್ಪೇನಿದೆ? ನನ್ನ ತಕರಾರು ಅದರ ಮುಂದಿನ ಹೆಜ್ಜೆಯದು. ಗ್ಲೈಕಾಲ್ ಕುಡಿದ ಮರ ಗಾಳಿಯ ತೇವವನ್ನು ಎಳೆದುಕೊಳ್ಳುತ್ತಿರುತ್ತದೆ, ಮೈ ಮೇಣ ಮೇಣವಾಗಿರುತ್ತದೆ, ಸಾದಾ ಎಣ್ಣೆ ಹತ್ತುವುದಿಲ್ಲ. ಗಟ್ಟಿ ರಾಳದ ಲೇಪ ಬಳಿದು ಮುಚ್ಚಲೇಬೇಕು. ಹೀಗೆ ಬಿರುಕಿನ ಮದ್ದೇ ಗಾಜಿನಂಥ ಹೊಳಪನ್ನು ಜೊತೆಗೆ ಕರೆತಂದಿತು. ಆ ಹೊಳಪು ಅವರು ಗೆದ್ದಲ್ಲೇ ಅವರನ್ನು ಸೋಲಿಸುತ್ತದೆ. ಬಟ್ಟಲಿನ ಹೊಟ್ಟೆಯ ಮೇಲೆ ಕಿಟಕಿ ಕಾಣುತ್ತದೆ, ದೀಪ ಕಾಣುತ್ತದೆ, ನೋಡುತ್ತಿರುವ ನಾವೂ ಕಾಣುತ್ತೇವೆ. ಅಷ್ಟು ಕಷ್ಟಪಟ್ಟು ಸಾಧಿಸಿದ ಬಾಗು ಮಾತ್ರ ಪ್ರತಿಬಿಂಬದಲ್ಲಿ ಚೂರುಚೂರಾಗುತ್ತದೆ. ಟ್ಯುಲಿಪ್ ಮರದ ಕೆನೆ, ಹಸಿರು, ನೇರಳೆ ಪಟ್ಟಿಗಳು ಚೌಕಟ್ಟು ಹಾಕಿಸಿದ ಚಿತ್ರದ ಹಾಗೆ ಗಾಜಿನ ಹಿಂದೆ ಸರಿದುಬಿಡುತ್ತವೆ. ಒಳಗೆ ಇಣುಕೋಣವೆಂದರೆ ಬಾಯಿ ಕಿರಿದು, ಬರೀ ಕತ್ತಲೆ.

ಹೊಳಪೇ ಕೂಡದು ಎಂದಲ್ಲ. ಚನ್ನಪಟ್ಟಣದಲ್ಲಿ ತಿರುಗುತ್ತಿರುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ; ಮೇಲೆ ಎಲೆಯೊತ್ತಿ ಹಿಡಿದರೆ ಹೊಳಪೇರುತ್ತದೆ. ಆ ಹೊಳಪು ಲೇಥಿನ ಮೇಲೆ, ತಿರುಗುವುದರಿಂದಲೇ ಹುಟ್ಟಿದ್ದು. ಮರದ ಎಳೆ ತೋರಿಸುತ್ತೇನೆಂದು ಆ ಬೊಂಬೆ ಯಾರಿಗೂ ಮಾತು ಕೊಟ್ಟಿಲ್ಲ. ಕೆಂಪು ಹಳದಿಯ ಕೆಳಗೆ ಅದು ಮುಚ್ಚಿಹೋದರೆ ನಷ್ಟವೂ ಇಲ್ಲ. ಮೌಲ್ತ್ರಪ್ ಅವರ ಬಟ್ಟಲು ಮಾತು ಕೊಟ್ಟಿದೆ.

ಇದಕ್ಕೆ ಎದುರಾಗಿ ನಾನು ಇಡಬಯಸುವ ಹೆಸರು ಜಾರ್ಜ್ ಲೈಲಿ. ಇಂಗ್ಲೆಂಡಿನ ಬರ್ಕ್‌ಶೈರ್‌ನ ಬಕಲ್‌ಬರಿಯಲ್ಲಿ ಕಾಲಿನಿಂದ ತುಳಿದು ನಡೆಸುವ ಲೇಥಿನಲ್ಲಿ ಎಲ್ಮ್ ಮರದ ಬಟ್ಟಲು ಕಡೆಯುತ್ತಿದ್ದ ಅವರು 1958ರಲ್ಲಿ ತೀರಿಕೊಂಡರು. ಅವರ ಲೇಥ್ ಈಗ ರೆಡಿಂಗ್‌ನ ಗ್ರಾಮೀಣ ಬದುಕಿನ ಸಂಗ್ರಹಾಲಯದಲ್ಲಿದೆ. ತುಳಿದಾಗ ಮರ ಉಳಿಯತ್ತ ತಿರುಗುತ್ತದೆ, ಮೇಲೆ ಕಟ್ಟಿದ ಗಳು ಅದನ್ನು ಹಿಂದಕ್ಕೆಳೆಯುತ್ತದೆ. ಕೊಯ್ಯುವುದು ಮುಂದಕ್ಕೆ ತಿರುಗುವಾಗಷ್ಟೆ. ಆ ನಿಧಾನದಲ್ಲಿ ಅವರು ಬಾಗಿದ ಉಳಿಯನ್ನು ದಿಮ್ಮಿಯೊಳಕ್ಕೆ ನುಗ್ಗಿಸಿ, ಒಂದರೊಳಗೊಂದು ಕೂರುವ ಹಲವು ಬಟ್ಟಲುಗಳನ್ನು ಒಂದೇ ದಿಮ್ಮಿಯಿಂದ ಬಿಡಿಸುತ್ತಿದ್ದರು. ಮೌಲ್ತ್ರಪ್ ಅವರ ದಿಮ್ಮಿಯ ಹೊಟ್ಟೆಯೆಲ್ಲ ಚಕ್ಕೆಯಾಗಿ ನೆಲಕ್ಕೆ ಬಿದ್ದರೆ ಲೈಲಿಯವರಲ್ಲಿ ಅದು ಊಟಕ್ಕೊದಗುತ್ತಿತ್ತು. ಮಿತವ್ಯಯಕ್ಕಿಂತ ನನಗೆ ಹಿಡಿಸುವುದು ಆ ಕ್ರಮದ ಕಟ್ಟುನಿಟ್ಟು. ದೊಡ್ಡ ಬಟ್ಟಲಿನ ಒಳಮೈ ಬಿಟ್ಟ ಜಾಡಿನಲ್ಲೇ ಸಣ್ಣದರ ಹೊರಮೈ ಹುಟ್ಟಬೇಕು. ಮೊದಲ ಕೊಯ್ತ ಕೆಟ್ಟರೆ ಆ ದೋಷ ಮರಿಬಟ್ಟಲಿನವರೆಗೂ ಇಳಿಯುತ್ತದೆ. ಆ ಕಾಲಕ್ಕೇ ಹಿಂತಿರುಗಿ ಎನ್ನುವುದು ಸುಲಭದ ಮಾತು, ಅದನ್ನು ನಾನು ಹೇಳಲಾರೆ. 1970ರ ದಶಕದಲ್ಲಿ ರೋಗ ಬಡಿದು ಇಂಗ್ಲೆಂಡಿನ ಎಲ್ಮ್ ಮರಗಳೇ ಬಹುಪಾಲು ಹೋದವು.

ಮೌಲ್ತ್ರಪ್ ಅವರ ತೊಡಕಿಗೆ ಉತ್ತರ ಅವರ ಮನೆಯಲ್ಲೇ ಸಿಕ್ಕಿತೆಂದು ನನ್ನ ಅನಿಸಿಕೆ. ವಕೀಲಿ ಓದಿದ ಮಗ ಫಿಲಿಪ್ ಪೈನ್ ಕೊಂಬೆಗಳ ತುಂಡುಗಳನ್ನು ಕಪ್ಪು ರಾಳದಲ್ಲಿ ಜೋಡಿಸಿ, ಗಟ್ಟಿಯಾದ ಆ ಮುದ್ದೆಯನ್ನು ಕಡೆದರು. ಗೋಡೆಯ ತುಂಬ ಪುಟ್ಟ ಪುಟ್ಟ ಉಂಗುರಗಳು, ನಡುನಡುವೆ ಕಪ್ಪು. ತಂದೆಯಲ್ಲಿ ಮರಕ್ಕೂ ನೋಡುವವರಿಗೂ ಅಡ್ಡ ನಿಂತಿದ್ದ ರಾಳ ಇಲ್ಲಿ ಗೋಡೆಯೇ ಆಗಿರುವುದರಿಂದ ಹೊಳಪಿಗೆ ಒಂದು ನ್ಯಾಯ ಬಂದಿದೆ. ಆಕಾರದಲ್ಲಿ ಮಾತ್ರ ಹೊಸದೇನೂ ಇಲ್ಲ. ಅದೇ ತುಂಬಿದ ಹೊಟ್ಟೆ, ಅದೇ ಒಳಕ್ಕೆ ಮಡಚಿದ ಬಾಯಿ. ತಂದೆ ಹಾಕಿಕೊಟ್ಟ ರೇಖೆಯ ಮೇಲೇ ಮಗನ ಕೆಲಸವೆಲ್ಲ ನಿಂತಿದೆ.