ಇನ್‌ಸ್ಟಾಲ್ ಆದದ್ದೇ ತಡ, ಓಡಲೇಬೇಕೇ?

ಡೆಬಿಯನ್‌ನಲ್ಲಿ ಆಪ್ಟ್‌ಗೆ ಹೇಳಿ ಪೋಸ್ಟ್‌ಗ್ರೆಸ್ ಇನ್‌ಸ್ಟಾಲ್ ಮಾಡಿ ನೋಡಿ. ಪ್ಯಾಕೇಜ್ ಬಂದು ಕೂರುತ್ತಿದ್ದಂತೆ ಅದಕ್ಕೊಂದು ಪ್ರತ್ಯೇಕ ಯೂಸರ್ ಖಾತೆ ತೆರೆಯುತ್ತದೆ, ‘ಮೇನ್’ ಹೆಸರಿನ ಕ್ಲಸ್ಟರ್ ಸಿದ್ಧವಾಗುತ್ತದೆ, 5432ನೇ ಪೋರ್ಟ್‌ನಲ್ಲಿ ಸರ್ವರ್ ಓಡತೊಡಗುತ್ತದೆ. ಫೆಡೋರಾದಲ್ಲಿ ಹಾಗಿಲ್ಲ. ಇನ್‌ಸ್ಟಾಲ್ ಮಾಡಿದ ಮೇಲೆ ಡೇಟಾ ಡೈರೆಕ್ಟರಿಯನ್ನು ನಾವೇ ಅಣಿಗೊಳಿಸಬೇಕು, ಸಿಸ್ಟಮ್‌ಡಿಗೆ ಹೇಳಿ ಸರ್ವಿಸನ್ನು ನಾವೇ ಚಾಲೂ ಮಾಡಬೇಕು. ಸಾಫ್ಟ್‌ವೇರ್ ಎರಡೂ ಕಡೆ ಒಂದೇ. ಪ್ಯಾಕೇಜ್ ಮಾಡುವವರ ಧೋರಣೆ ಬೇರೆ.

ಡೆಬಿಯನ್ನರ ಕಸುಬುದಾರಿಕೆಯನ್ನು ಮೆಚ್ಚಲೇಬೇಕು. ತಾನಾಗಿ ಶುರುವಾದ ಪೋಸ್ಟ್‌ಗ್ರೆಸ್ ಲೋಕಲ್‌ಹೋಸ್ಟ್ ಬಿಟ್ಟು ಹೊರಗಿನವರಿಗೆ ಕಿವಿಗೊಡುವುದಿಲ್ಲ. ಹಳೆಯ ಮೇಜರ್ ಆವೃತ್ತಿಯ ಪಕ್ಕದಲ್ಲೇ ಹೊಸದನ್ನೂ ಓಡಿಸಿ, ಡೇಟಾವನ್ನು ನಿಧಾನವಾಗಿ ಸಾಗಿಸಿಕೊಳ್ಳಬಹುದು. ಯಾವುದೇ ಸರ್ವಿಸ್ ಇರಲಿ, ನಾವು ತಿದ್ದಿದ ಕಾನ್ಫಿಗ್ ಫೈಲನ್ನು ಅಪ್‌ಗ್ರೇಡ್ ಹೇಳದೆ ಕೇಳದೆ ಅಳಿಸುವುದಿಲ್ಲ. ನಿಮ್ಮದೇ ಇರಲೋ, ಹೊಸದು ಬೇಕೋ ಎಂದು ವಿಚಾರಿಸುತ್ತದೆ.

ಕಾನ್ಫಿಗ್ ವಿಷಯದಲ್ಲಿ ಇಷ್ಟು ಕೇಳುವ ವ್ಯವಸ್ಥೆ, ಓಡಿಸುವ ವಿಷಯದಲ್ಲಿ ಮಾತ್ರ ಕೇಳುವುದೇ ಇಲ್ಲ. ಎನ್‌ಜಿನ್‌ಎಕ್ಸ್ ಹಾಕಿದರೆ, ನಾವು ಒಂದು ಸಾಲು ಕಾನ್ಫಿಗ್ ಬರೆಯುವ ಮೊದಲೇ 80ನೇ ಪೋರ್ಟ್‌ನಲ್ಲಿ ಅದರ ಸ್ವಾಗತ ಪುಟ ತೆರೆದಿರುತ್ತದೆ. ಫೈರ್‌ವಾಲ್ ಇಲ್ಲದಿದ್ದರೆ ಊರಿಗೆಲ್ಲ ಕಾಣುತ್ತದೆ. ಇದು ಬೇಡವೆಂದರೆ ‘ಪಾಲಿಸಿ-ಆರ್‌ಸಿ.ಡಿ’ ಎಂಬ ಸ್ಕ್ರಿಪ್ಟ್ ಬರೆದು, ಅದು 101 ಎಂಬ ಎಕ್ಸಿಟ್ ಕೋಡ್ ಕೊಡುವಂತೆ ಮಾಡಬೇಕು. ಕಂಟೇನರ್ ಇಮೇಜ್ ಕಟ್ಟುವವರಿಗೆ ಈ ಉಪಾಯ ಕರತಲಾಮಲಕ. ಹೊಸ ಅಡ್ಮಿನ್‌ಗೆ ಇಂಥದ್ದೊಂದು ಇದೆಯೆಂಬುದೇ ಗೊತ್ತಿರುವುದಿಲ್ಲ.

ಫೆಡೋರಾ ಈ ತೀರ್ಮಾನವನ್ನು ಪ್ಯಾಕೇಜಿನಿಂದಲೇ ಹೊರಗಿಟ್ಟಿದೆ. ಯಾವ ಸರ್ವಿಸ್ ತಾನಾಗಿ ಏಳಬೇಕೆಂಬುದು ಪ್ರಿಸೆಟ್ ಫೈಲ್‌ಗಳಲ್ಲಿದೆ. ಅಲ್ಲಿ ಹೆಸರಿಲ್ಲದ್ದೆಲ್ಲ ಸುಮ್ಮನಿರುತ್ತದೆ. ಅಡ್ಮಿನ್ ತನ್ನದೇ ಪ್ರಿಸೆಟ್ ಬರೆದು ಅದನ್ನು ಮೀರಬಹುದು. ಇನ್‌ಸ್ಟಾಲ್ ಆದರೂ ಏಕೆ ಓಡುತ್ತಿಲ್ಲವೆಂದು ಹೊಸಬರು ತಲೆ ಕೆರೆದುಕೊಳ್ಳುವುದುಂಟು, ನಿಜ. ಆದರೆ ಅದಕ್ಕೆ ಒಂದೇ ಕಮಾಂಡಿನಷ್ಟು ಪರಿಹಾರ ಸಾಕು. ಗೊತ್ತಿಲ್ಲದೆ ತೆರೆದುಕೊಂಡ ಪೋರ್ಟ್ ತಾನಾಗಿ ದೂರು ಹೇಳುವುದಿಲ್ಲ.

ಡೆಬಿಯನ್ ಕ್ರಮ ಇಷ್ಟು ವರ್ಷ ನಡೆದುಬಂದಿರುವುದು ಮೇಂಟೇನರ್‌ಗಳ ಎಚ್ಚರದಿಂದ, ನಿಯಮದ ಬಲದಿಂದಲ್ಲ. ಸಾವಿರಾರು ಪ್ಯಾಕೇಜ್‌ಗಳಲ್ಲಿ ಎಲ್ಲರೂ ಪೋಸ್ಟ್‌ಗ್ರೆಸ್ ತಂಡದಷ್ಟೇ ಜೋಪಾನವಾಗಿರುತ್ತಾರೆಂದು ನಂಬುವುದಕ್ಕಿಂತ, ಆ ಜೋಪಾನವನ್ನೆಲ್ಲ ಉಳಿಸಿಕೊಂಡು ಫೆಡೋರಾದ ಪ್ರಿಸೆಟ್ ಪದ್ಧತಿಯನ್ನು ಎರವಲು ಪಡೆಯುವುದು ಡೆಬಿಯನ್‌ಗೆ ಲೇಸು.